ಕಪ್ಪು ನಾಲ್ಕರ ಮೇಲಿನ ಕೆಂಪು ಬೊಟ್ಟು

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಷಡಕ್ಷರಿಗೆ ಒಂದು ಅಂಗಡಿಯಿದೆ. ಸುಟ್ಟುಹೋದ ಪಂಪ್‌ಸೆಟ್ಟು ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವುದು ಅಲ್ಲಿಯ ಕೆಲಸ. ಈ ಕೆಲಸಕ್ಕೆ ಒಂದು ಶಿಸ್ತುಂಟು. ಹಳೆಯ ಸುರುಳಿಯನ್ನು ಬಿಚ್ಚಿ ಎಸೆಯುವ ಮೊದಲು ಅದರಲ್ಲಿ ಎಷ್ಟು ಸುತ್ತುಗಳಿದ್ದವು, ತಂತಿ ಎಷ್ಟು ದಪ್ಪವಿತ್ತು ಎಂಬುದನ್ನು ಎಣಿಸಿ ಬರೆದಿಟ್ಟುಕೊಳ್ಳಬೇಕು. ಗುಜರಿಗೆ ಹೋದ ಮೇಲೆ ಆ ಲೆಕ್ಕವನ್ನು ಯಾರೂ ಹೇಳಲಾರರು. ಷಡಕ್ಷರಿ ಇಪ್ಪತ್ತೇಳು ವರ್ಷಗಳಿಂದ ಇದನ್ನು ಒಂದು ದಿನವೂ ತಪ್ಪಿಸಿದವನಲ್ಲ. ಅಂಗಡಿಯ ಗೂಡಿನಲ್ಲಿ ಅಂಥ ಹದಿನಾಲ್ಕು ನೋಟುಪುಸ್ತಕಗಳಿವೆ.

ಹದಿನೈದನೆಯದು ಬೇರೆ ಬಗೆಯದು. ಉದ್ದನೆಯ, ನೀಲಿ ರಟ್ಟಿನ ಪುಸ್ತಕ. ಅದರಲ್ಲಿರುವುದು ಮೋಟಾರುಗಳಲ್ಲ, ಮನುಷ್ಯರು. ಕಡೂರು, ತರೀಕೆರೆ, ಅಜ್ಜಂಪುರಗಳ ಸುತ್ತಿನಲ್ಲಿ ಅವನು ಯಾರು ಯಾರಿಗೆ ಕೀಬೋರ್ಡು ನುಡಿಸಿದ್ದಾನೋ ಅವರೆಲ್ಲರ ಹೆಸರು, ಹೆಸರಿನ ಮುಂದೆ ಅವರ ಶ್ರುತಿ, ನುಡಿಸಿದ ದಿನ. ಯಾರ ದನಿ ಕೀಬೋರ್ಡಿನ ಯಾವ ಮನೆಯ ಮೇಲೆ ನೆಲೆ ನಿಲ್ಲುತ್ತದೆ ಎಂಬ ಲೆಕ್ಕ ಅದು.

ಯಗಟಿಯಲ್ಲಿ ಹುಟ್ಟಿದ ಷಡಕ್ಷರಿ ಕಡೂರಿನಲ್ಲಿ ಪಿಯುಸಿ ಓದುವಾಗ ಅಲ್ಲಿಯ ಒಂದು ಆರ್ಕೆಸ್ಟ್ರಾ ತಂಡಕ್ಕೆ ಸೇರಿಕೊಂಡಿದ್ದ. ಮದುವೆಮನೆಗಳಲ್ಲಿ ಹಾಡುವವರ ದನಿ ಒಂದೊಂದು ಊರಿನ ನೀರಿನ ಹಾಗೆ ಒಂದೊಂದು ಬಗೆ. ಅದೇ ಹಾಡನ್ನು ಒಬ್ಬನಿಗೆ ಮೊದಲ ಬಿಳಿ ಮನೆಯಿಂದ, ಅಂದರೆ ಬಿಳಿ ಒಂದರಿಂದ ಹಿಡಿಯಬೇಕು, ಇನ್ನೊಬ್ಬಳಿಗೆ ಕಪ್ಪು ಮೂರರಿಂದ. ಷಡ್ಜ, ಅಂದರೆ ಆಧಾರದ ‘ಸ’, ಒಂದು ಮನೆ ಸರಿದರೆ ಬೆರಳುಗಳ ದಾರಿಯೆಲ್ಲ ಬದಲಾಗುತ್ತದೆ. ಕಪ್ಪಿದ್ದಲ್ಲಿ ಬಿಳಿ ಬರುತ್ತದೆ, ಬಿಳಿಯಿದ್ದಲ್ಲಿ ಕಪ್ಪು. ತಂಡದ ಉಳಿದ ಕೀಬೋರ್ಡಿನವರು ಎರಡೋ ಮೂರೋ ಶ್ರುತಿಗಳಲ್ಲಿ ನುಡಿಸಿ, ಮಿಕ್ಕವುಗಳಿಗೆ ಯಂತ್ರದಲ್ಲಿರುವ ಟ್ರಾನ್ಸ್‌ಪೋಸ್ ಗುಂಡಿಯನ್ನು ಒತ್ತಿಕೊಳ್ಳುತ್ತಿದ್ದರು. ಆ ಗುಂಡಿಯನ್ನು ಒತ್ತಿದರೆ ಬೆರಳು ಹಳೆಯ ಮನೆಯ ಮೇಲೇ ಇರುತ್ತದೆ, ನಾದ ಮಾತ್ರ ಮೇಲಕ್ಕೋ ಕೆಳಕ್ಕೋ ಸರಿದಿರುತ್ತದೆ. ಷಡಕ್ಷರಿ ಹನ್ನೆರಡು ಮನೆಗಳಲ್ಲೂ ಕೈಯಿಂದಲೇ ನುಡಿಸುವುದನ್ನು ಕಲಿತ. ಅದಕ್ಕೆ ಅವನಿಗೆ ನಾಲ್ಕು ವರ್ಷ ಹಿಡಿಯಿತು. ಆ ಗುಂಡಿಯನ್ನು ಅವನು ‘ಸೋಮಾರಿ ಗುಂಡಿ’ ಎಂದು ಕರೆಯುತ್ತಿದ್ದ.

ತಂಡ ಮುಚ್ಚಿತು. ಅವನು ಅಜ್ಜಂಪುರಕ್ಕೆ ಬಂದು ಅಂಗಡಿ ತೆರೆದ. ತಂಡದ ಹಳೆಯ ಕೀಬೋರ್ಡು ಅವನ ಪಾಲಿಗೆ ಬಂದಿತ್ತು. ಅದನ್ನು ಹೊತ್ತುಕೊಂಡು ಕೆಳಪೇಟೆಯ ಭಜನಾ ಸಂಘಕ್ಕೆ ಹೋಗತೊಡಗಿದ.

ಈ ಸಂಘ ಹಾಡುವುದು ಹೆಚ್ಚಾಗಿ ಸಾವಿನ ಮನೆಗಳಲ್ಲಿ. ಹೆಣ ಎತ್ತುವವರೆಗೆ ಅಂಗಳದಲ್ಲಿ ಚಾಪೆ ಹಾಸಿ ಕುಳಿತು ಹಾಡುವುದು, ಆಮೇಲೆ ಹನ್ನೊಂದನೆಯ ದಿನ ಮತ್ತೊಮ್ಮೆ. ಸಂಘವನ್ನು ಕಟ್ಟಿದ ಚೌಡಪ್ಪ ಎಂಬ ಹಿರಿಯ ಒಂದು ನಿಯಮ ಮಾಡಿಟ್ಟು ಸತ್ತಿದ್ದ. ಸಂಘದ ಶ್ರುತಿ ಕಪ್ಪು ನಾಲ್ಕು. ಹಾರ್ಮೋನಿಯಮ್ಮಿನ ಕಪ್ಪು ಮನೆಗಳನ್ನು ಎಡದಿಂದ ಎಣಿಸಿದರೆ ನಾಲ್ಕನೆಯದು. ಅದರ ಮೇಲೆ ಚೌಡಪ್ಪ ಕುಂಕುಮದ ಬೊಟ್ಟು ಇಡುತ್ತಿದ್ದ. ಆ ಬೊಟ್ಟಿನ ಮೇಲೆ ಷಡ್ಜ ಹಿಡಿದಾಗ ಯಾರು ಮೇಲಿನ ಷಡ್ಜವನ್ನು ದನಿ ಮುರಿಯದೆ ಮುಟ್ಟುತ್ತಾರೋ ಅವರಿಗೆ ಎಲ್ಲರಿಗಿಂತ ಮುಂದಿನ ಚಾಪೆ, ಕೈಗೆ ತಾಳ. ಮುಟ್ಟಲಾರದ ದಿನ ಅವರೇ ಎದ್ದು, ತಾಳವನ್ನು ಪಕ್ಕದವರ ಕೈಗಿತ್ತು, ಹಿಂದಿನ ಸಾಲಿನಲ್ಲಿ ಕೂರಬೇಕು. ಬಾಯಿಬಿಟ್ಟು ಯಾರೂ ಏನೂ ಹೇಳುವಂತಿಲ್ಲ. ಎಲ್ಲರ ಕಣ್ಣೂ ಬೊಟ್ಟಿನ ಮೇಲಿರುತ್ತದೆ, ಅಷ್ಟೆ. ಹಾರ್ಮೋನಿಯಂ ಹೋಗಿ ಕೀಬೋರ್ಡು ಬಂದಾಗ ಬೊಟ್ಟೂ ಅದರ ಮೇಲಕ್ಕೆ ಬಂತು. ಕುಂಕುಮ ಪ್ಲಾಸ್ಟಿಕ್ಕಿನ ಮೇಲೆ ನಿಲ್ಲದೆಂದು ಯಾರೋ ಉಗುರಿನ ಬಣ್ಣದಿಂದ ಇಟ್ಟರು.

ಮುಂದಿನ ಚಾಪೆ ಹತ್ತೊಂಬತ್ತು ವರ್ಷಗಳಿಂದ ಹಾಲಮ್ಮನದಾಗಿತ್ತು.

ಹಾಲಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಗಂಡ ಲಾರಿ ಅಪಘಾತದಲ್ಲಿ ಹೋದಾಗ ಮಗಳು ಅನುಷಾಗೆ ಎರಡು ವರ್ಷ. ಬೀದಿಯ ಜನ ಅವಳನ್ನು ಮದುವೆ, ನಾಮಕರಣಗಳಿಗೆ ಮುಂದೆ ಕೂರಿಸುತ್ತಿರಲಿಲ್ಲ. ಸಾವಿನ ಮನೆಗೆ ಮಾತ್ರ ಅವಳಿಲ್ಲದೆ ಆಗುತ್ತಿರಲಿಲ್ಲ. ಅವಳ ದನಿ ಸಿಹಿಯಾದದ್ದಲ್ಲ. ತೆಳ್ಳಗೆ, ಹೊಸ ತಂತಿಯ ಹಾಗೆ ಬಿಗಿ. ಮೇಲಿನ ಷಡ್ಜಕ್ಕೆ ಹೋಗಿ ನಿಂತಾಗ ಅಳುತ್ತಿದ್ದವರು ಅಳು ನಿಲ್ಲಿಸಿ ಕೇಳುತ್ತಿದ್ದರು. ಕೆನ್ನೆಯಲ್ಲಿ ಸದಾ ಎಲೆ, ಅಡಿಕೆ, ಕಡ್ಡಿಪುಡಿ ಹೊಗೆಸೊಪ್ಪು. ಹಾಡುವ ಮೊದಲು ಉಗಿದು ಬಾಯಿ ಮುಕ್ಕಳಿಸುವಳು, ಹಾಡಿದ ಕೂಡಲೇ ಮತ್ತೆ ಹಾಕುವಳು.

ಅವಳ ಹಿಂದೆ, ಎರಡನೆಯ ಸಾಲಿನ ತುದಿಯಲ್ಲಿ ಕೂರುತ್ತಿದ್ದವಳು ಶಕುಂತಲಮ್ಮ. ಹಾಲಮ್ಮನಿಗಿಂತ ಹನ್ನೊಂದು ವರ್ಷ ಚಿಕ್ಕವಳು. ದನಿ ಗಟ್ಟಿ, ಬಾಯಿ ಇನ್ನೂ ಗಟ್ಟಿ. ಹತ್ತೊಂಬತ್ತು ವರ್ಷಗಳಿಂದ ಅವಳು ಆ ಬೊಟ್ಟನ್ನೇ ನೋಡುತ್ತ ಕುಳಿತಿದ್ದಳು.

೨೦೨೧ರ ಜುಲೈ ೧೧, ಭಾನುವಾರ. ಸೋಂಕಿನ ಕಾಲದಲ್ಲಿ ಸತ್ತವರಿಗೆ ಜನ ಸೇರಿಸಿ ಹಾಡಿಸಲಾಗದಿದ್ದ ಮನೆಗಳೆಲ್ಲ ಒಮ್ಮೆಗೇ ಸಂಘವನ್ನು ಕರೆಯತೊಡಗಿದ್ದವು. ಎಂಟು ದಿನಗಳಲ್ಲಿ ಅದು ಆರನೆಯ ಮನೆ. ಹಾಲಮ್ಮ ಬಿಸಿನೀರಿನ ಲೋಟ ಹಿಡಿದು ಕೀಬೋರ್ಡಿನ ಪಕ್ಕ ಕುಳಿತಳು.

“ಗಂಟ್ಲು ಯಾಕೋ ಹಿಡ್ಕಂಡಂಗೈತೆ ಷಡಕ್ಷರಪ್ಪ. ದಿನಾ ಸಾವಿನ್ಮನೆ ಅಂದ್ರೆ ಅದೇನ್ ಕಬ್ಬಿಣದ್ದಾ?”

ಹಿಂದಿನಿಂದ ಶಕುಂತಲಮ್ಮ ಬಾಗಿದಳು. “ಕಷ್ಟ ಆದ್ರೆ ಹೇಳಕ್ಕ, ಇವತ್ತೊಂದಿನ ನಾನ್ ಮುಂದೆ ಕೂರ್ತೀನಿ.”

“ಯಾಕವ್ವ? ನಾನಿನ್ನೂ ಉಸಿರಾಡ್ತಾ ಇದೀನಲ್ಲ.”

ಸುತ್ತಲಿನವರು ಬಾಯಿಗೆ ಸೆರಗು ಹಿಡಿದು ನಕ್ಕರು. ಹಾಲಮ್ಮ ನಗಲಿಲ್ಲ. ಅವಳು ಬಿಸಿನೀರು ಗುಟುಕರಿಸಿ ಮತ್ತೆ ಮತ್ತೆ ಗಂಟಲು ಸರಿಮಾಡಿಕೊಳ್ಳುವುದನ್ನು ಷಡಕ್ಷರಿ ಕಂಡ. ಇವತ್ತು ಅವಳ ದನಿ ಮೇಲಿನ ಷಡ್ಜದಲ್ಲಿ ಮುರಿದರೆ ನಾಳೆಯಿಂದ ಚಾಪೆ ಅವಳದಲ್ಲ. ಒಂದು ವಾರದ ಆಯಾಸಕ್ಕೆ ಹತ್ತೊಂಬತ್ತು ವರ್ಷ ಹೋಗುವುದು ಅನ್ಯಾಯವೆಂದು ಅವನಿಗೆ ತೋರಿತು. ಹಾಡಿನ ಪುಸ್ತಕವನ್ನು ಯಂತ್ರದ ಸಣ್ಣ ಪರದೆಗೆ ಅಡ್ಡವಾಗಿ ಒರಗಿಸಿದ. ತಾನೆಂದೂ ಮುಟ್ಟದಿದ್ದ ಗುಂಡಿಯನ್ನು ಒಮ್ಮೆ ಒತ್ತಿದ. ಬೆರಳನ್ನು ಕೆಂಪು ಬೊಟ್ಟಿನ ಮೇಲಿಟ್ಟ. ಯಂತ್ರ ಕಪ್ಪು ನಾಲ್ಕರ ಬದಲು ಅದರ ಎಡಕ್ಕಿರುವ ಬಿಳಿ ಐದರ ನಾದ ಕೊಟ್ಟಿತು.

ಹಾಲಮ್ಮ ಹಾಡಿದಳು. ಮೇಲಿನ ಷಡ್ಜಕ್ಕೆ ಹೋಗಿ ನಿಂತಳು. ಮುಗಿದ ಮೇಲೆ ಶಕುಂತಲಮ್ಮನ ಕಡೆಗೆ ತಿರುಗಿ ನೋಡಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ತಬಲ ನುಡಿಸುವ ಪುಟ್ಟಯ್ಯ ಮಾತ್ರ ಅಂಗಳದ ಆಚೆ ಬೇವಿನ ಮರದ ಕೆಳಗೆ ಷಡಕ್ಷರಿಯನ್ನು ಹಿಡಿದು ನಿಲ್ಲಿಸಿದ. ತಬಲವನ್ನು ಸುತ್ತಿಗೆಯಿಂದ ಬಡಿದು ಶ್ರುತಿಗೆ ಕೂರಿಸುವವನು ಅವನು. ಅವನ ಕಿವಿಯನ್ನು ಬೊಟ್ಟು ತೋರಿಸಿ ಮೋಸಗೊಳಿಸುವಂತಿರಲಿಲ್ಲ.

“ಲೇ ಷಡಕ್ಷರಿ, ನಿನ್ ಬೆರಳು ಕಪ್ಪು ನಾಲ್ಕರ ಮೇಲಿತ್ತು. ನನ್ ತಬಲ ಬಿಳಿ ಐದಕ್ಕೆ ಕೂತ್ಕಂತು. ಎರಡ್ರಲ್ಲಿ ಯಾವ್ದೋ ಸುಳ್ಳು?”

“ಒಂದಿನದ ಮಟ್ಟಿಗೆ ಕಣೋ. ಗಂಟ್ಲು ಸರಿಯಾಗ್ಲಿ.”

ಪುಟ್ಟಯ್ಯ ಬೀಡಿ ಹಚ್ಚಿದ. “ನಂಗೇನು, ಸುತ್ತಿಗೆ ಎರಡೇಟು ಕಮ್ಮಿ. ಯಾರ್ಗೂ ಹೇಳಲ್ಲ ಬಿಡು. ಅವಳಿಗಿರೋದು ಅದೊಂದು ಚಾಪೆ.”

ಅಂದು ಸಂಜೆ ಷಡಕ್ಷರಿ ನೀಲಿ ಪುಸ್ತಕ ತೆರೆದು ಬರೆದ: ‘ಹಾಲಮ್ಮ. ಒಂದು ಕೆಳಗೆ.’ ಬರೆಯದೆ ಬಿಡುವುದು ಅವನಿಂದಾಗುತ್ತಿರಲಿಲ್ಲ.

ಆ ಯಂತ್ರಕ್ಕೊಂದು ಗುಣವಿತ್ತು. ಸ್ವಿಚ್ಚು ಆರಿಸಿದರೆ ಸಾಕು, ಇಳಿಸಿದ್ದೆಲ್ಲ ಮರೆತು ಮತ್ತೆ ಸೊನ್ನೆಗೆ ಬಂದು ನಿಲ್ಲುತ್ತಿತ್ತು. ಮುಂದಿನ ಮನೆಯಲ್ಲಿ ಅವನು ಸೊನ್ನೆಯಲ್ಲೇ ಆರಂಭಿಸಿದ. ಹಾಲಮ್ಮ ಮೊದಲ ಸಾಲಿನಲ್ಲೇ ಕೆಮ್ಮಿದಳು. ಅವನು ಹಾಡನ್ನು ನಿಲ್ಲಿಸಿ, ತಂತಿ ಸರಿಮಾಡುವವನಂತೆ ಬಾಗಿ ಗುಂಡಿ ಒತ್ತಿದ. ಯಂತ್ರ ಪ್ರತಿಸಲವೂ ಮರೆಯುತ್ತಿತ್ತು. ಪ್ರತಿಸಲವೂ ಅವನೇ ನೆನಪಿಟ್ಟು ಒತ್ತಬೇಕಿತ್ತು. ೨೦೨೨ರ ಮಾರ್ಚ್ ೩ರಂದು ಎರಡು ಕೆಳಗೆ. ಅದೇ ವರ್ಷದ ಡಿಸೆಂಬರಿನಲ್ಲಿ ಮೂರು. ಪುಟ್ಟಯ್ಯ ತಗ್ಗಿನ ಶ್ರುತಿಗೆ ಹೊಂದುವ, ದೊಡ್ಡ ಬಾಯಿಯ ಬೇರೊಂದು ತಬಲ ತಂದುಕೊಂಡ, ಏಕೆಂದು ಯಾರೂ ಕೇಳಲಿಲ್ಲ.

ಈ ನಡುವೆ ಹಾಲಮ್ಮ ಶುಂಠಿ ಜಗಿದಳು, ಮೆಣಸಿನ ಕಷಾಯ ಕುಡಿದಳು, ಕೊರಳಿಗೆ ಮಫ್ಲರು ಸುತ್ತಿದಳು. ಮುದ್ದೆ ನುಂಗುವಾಗ ಒಂದು ಕಡೆ ಚುಚ್ಚುತ್ತದೆಂದು ಒಂದೆರಡು ಸಲ ಹೇಳಿದಳು. ಮಾತಾಡುವಾಗ ದನಿ ಒಡೆದ ಮಡಕೆಯಂತಿತ್ತು. ಹಾಡುವಾಗ ಮಾತ್ರ, ಬೊಟ್ಟಿನ ಮೇಲೆ ಬೆರಳು ಬೀಳುತ್ತಿದ್ದಂತೆ, ಎಲ್ಲವೂ ಮೊದಲಿನಂತೆಯೇ ಇದೆಯೆಂದು ಅವಳು ನಂಬುತ್ತಿದ್ದಳು. ಹಾಡುವವರಿಗೆ ತಮ್ಮ ದನಿಯ ಎತ್ತರ ಗೊತ್ತಾಗುವುದು ಶ್ರಮದಿಂದ. ಶ್ರಮ ಹೆಚ್ಚಿದಾಗಲೆಲ್ಲ ಷಡಕ್ಷರಿ ನೆಲವನ್ನೇ ಒಂದು ಮೆಟ್ಟಿಲು ತಗ್ಗಿಸಿಬಿಡುತ್ತಿದ್ದ.

೨೦೨೩ರ ಫೆಬ್ರವರಿ ೧೨ ಕೂಡ ಭಾನುವಾರ. ತರೀಕೆರೆಯ ಅಡಿಕೆ ಮಂಡಿಯೊಂದರ ಹಿರಿಯರು ತೀರಿಕೊಂಡಿದ್ದರು. ಅದು ಹನ್ನೊಂದನೆಯ ದಿನ. ಶಾಮಿಯಾನದ ಕೆಳಗೆ ಇನ್ನೂರು ಜನ. ಅನುಷಾ ತರೀಕೆರೆಯಲ್ಲೇ ಖಾಸಗಿ ಶಾಲೆಯೊಂದರಲ್ಲಿ ಟೀಚರಾಗಿದ್ದಳು. ರಜೆಯ ದಿನವಾದ್ದರಿಂದ ತಾಯಿಯ ಹಾಡು ಕೇಳಲು ಬಂದು ಪಕ್ಕದಲ್ಲೇ ಕುಳಿತಿದ್ದಳು. ಎರಡನೆಯ ಹಾಡಿನ ನಡುವೆ ಕರೆಂಟು ಹೋಯಿತು. ಎರಡು ನಿಮಿಷದಲ್ಲಿ ಬಂತು. ಜನ ಕಾಯುತ್ತಿದ್ದರು. ಷಡಕ್ಷರಿ ಅವಸರದಲ್ಲಿ ಬೆರಳನ್ನು ಬೊಟ್ಟಿನ ಮೇಲಿಟ್ಟ. ಯಂತ್ರ ಸೊನ್ನೆಗೆ ಮರಳಿದೆ ಎಂಬುದು ಅವನಿಗೆ ಹೊಳೆಯುವಷ್ಟರಲ್ಲಿ ಹಾಲಮ್ಮ ದನಿಯೆತ್ತಿದ್ದಳು.

ಒಂದೂವರೆ ವರ್ಷದ ಬಳಿಕ ಅವಳು ನಿಜವಾದ ಕಪ್ಪು ನಾಲ್ಕರಲ್ಲಿ ಹಾಡಿದ್ದು ಅದೇ. ಪಂಚಮದವರೆಗೆ ಹೇಗೋ ಏರಿದಳು. ಮೇಲಿನ ಷಡ್ಜದ ಜಾಗದಲ್ಲಿ ದನಿಯೇ ಇರಲಿಲ್ಲ. ಬಟ್ಟೆ ಹರಿದ ಹಾಗೊಂದು ಗಾಳಿ ಬಂತು, ಆಮೇಲೆ ಕೆಮ್ಮು. ಬಾಯಿಗೆ ಹಿಡಿದ ಸೆರಗನ್ನು ಅವಳು ಅದರ ಮೇಲೆ ಬಿದ್ದ ಕಲೆ ಕಾಣದಂತೆ ಕೂಡಲೇ ಮಡಿಸಿ ಮುಚ್ಚಿಕೊಂಡಳು.

ಶಕುಂತಲಮ್ಮ ಮೆಲ್ಲಗೆ ಮುಂದಕ್ಕೆ ಸರಿದಳು. ಷಡಕ್ಷರಿ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ, “ಮಿಷನ್ ಕೆಟ್ಟೋಗಿದೆ ಕಣ್ರೀ, ವೋಲ್ಟೇಜು ಏರುಪೇರಾಗಿ ಶ್ರುತಿ ತಪ್ತು. ಅವ್ರದೇನೂ ಇಲ್ಲ.” ಆಮೇಲೆ ಬಾಗಿ ಗುಂಡಿಯನ್ನು ಮೂರು ಸಲ ಒತ್ತಿದ.

ಊಟದ ಹೊತ್ತಿಗೆ ಅನುಷಾ ತಾಯಿಯನ್ನು ಬಿಡಲಿಲ್ಲ. “ಅಮ್ಮ, ಅದು ಮಿಷನ್ನಿಂದ ಬಂದ ಸದ್ದಲ್ಲ. ನಾಳೆ ರಜ ಹಾಕ್ತೀನಿ, ಡಾಕ್ಟ್ರಿಗೆ ತೋರ್ಸಣ.”

“ಏನಂತ ತೋರ್ಸೋದೇ? ಕಪ್ಪು ನಾಲ್ಕರಾಗ್ ಹಾಡೋಳು ಗಂಟ್ಲು ಕೆಟ್ಟೈತೆ ಅಂತ ಹೋದ್ರೆ ಡಾಕ್ಟ್ರು ನಗ್ತಾನೆ.”

“ಬೊಟ್ಟಿನ ವಿಷ್ಯ ಬಿಡಮ್ಮ.”

“ಬಿಡೋದ್ಯಾಕೆ? ಗಂಟ್ಲು ಹಾಳಾಗಿದ್ರೆ ಶ್ರುತಿ ಇಳೀಬೇಕಾ ಬ್ಯಾಡ್ವಾ?” ಹಾಲಮ್ಮ ಎಲೆಯ ಮುಂದಿನಿಂದಲೇ ತಲೆಯೆತ್ತಿ ಕರೆದಳು. “ಷಡಕ್ಷರಪ್ಪ, ಇವಳಿಗೊಂದಿಷ್ಟು ಹೇಳಪ್ಪ. ನನ್ ಶ್ರುತಿ ಇಳಿದೈತಾ?”

ಎರಡು ಎಲೆಗಳ ಆಚೆ ಶಕುಂತಲಮ್ಮ ಅನ್ನ ಕಲೆಸುತ್ತಿದ್ದ ಕೈ ನಿಲ್ಲಿಸಿ ನೋಡುತ್ತಿದ್ದಳು. ಪುಟ್ಟಯ್ಯ ತಲೆ ತಗ್ಗಿಸಿ ಪಾಯಸ ಕುಡಿದ.

“ಇಲ್ಲಕ್ಕ,” ಎಂದ ಷಡಕ್ಷರಿ. “ಮಿಷನ್ದೇ ತಪ್ಪು.”

“ಕೇಳಿದ್ಯೇನೇ?” ಎಂದಳು ಹಾಲಮ್ಮ ಮಗಳಿಗೆ. ಅನುಷಾ ಷಡಕ್ಷರಿಯ ಮುಖ ನೋಡಿ, ಡಾಕ್ಟರ ಮಾತನ್ನು ಅಲ್ಲಿಗೇ ಬಿಟ್ಟಳು. ಮೂವತ್ತು ವರ್ಷಗಳ ಕೀಬೋರ್ಡಿನವನ ಕಿವಿಯ ಮುಂದೆ ಅವಳ ಕಿವಿ ಯಾವ ಲೆಕ್ಕ?

ಹನ್ನೊಂದು ತಿಂಗಳು ಕಳೆದವು. ಸೆಪ್ಟೆಂಬರಿನಲ್ಲಿ ನಾಲ್ಕು ಕೆಳಗೆ. ಜನವರಿಯ ಮೊದಲ ವಾರ ಶಾಲೆಯ ಅಡುಗೆಮನೆಯಲ್ಲಿ ಹಾಲಮ್ಮ ಉಸಿರು ಸಿಕ್ಕಿಕೊಂಡು ಕುಸಿದಳು. ತರೀಕೆರೆಯ ಡಾಕ್ಟರು ಒಂದು ಸಲ ಬಾಯಿಯೊಳಗೆ ಬೆಳಕು ಬಿಟ್ಟು ನೋಡಿ, ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅನುಷಾಗೆ ಜೊತೆಗೆ ಬರುವ ಗಂಡಸರಿರಲಿಲ್ಲ. ಷಡಕ್ಷರಿ ಅಂಗಡಿಗೆ ಬೀಗ ಹಾಕಿ ಹೊರಟ. ನೀಲಿ ಪುಸ್ತಕವನ್ನು ಚೀಲದಲ್ಲಿ ಏಕೆ ಇಟ್ಟುಕೊಂಡನೆಂದು ಅವನಿಗೇ ತಿಳಿಯದು.

ಅದು ೨೦೨೪ರ ಜನವರಿ ೨೩. ಪರೀಕ್ಷೆಗಳೆಲ್ಲ ಮುಗಿದಿದ್ದವು. ಹಾಲಮ್ಮನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಡಾಕ್ಟರು ಇವರಿಬ್ಬರನ್ನು ಒಳಗೆ ಕರೆದರು. ದನಿಪೆಟ್ಟಿಗೆಯಲ್ಲಿ ಗೆಡ್ಡೆ; ಕ್ಯಾನ್ಸರು; ಕೊರಳಿನ ಗಂಟುಗಳಿಗೂ ಹಬ್ಬಿದೆ. ದನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು. ಆಮೇಲೆ ಮಾತು ಇರುವುದಿಲ್ಲ, ಕೊರಳಿನಲ್ಲಿ ಮಾಡಿದ ತೂತಿನಿಂದ ಉಸಿರಾಟ. ಡಾಕ್ಟರು ಪೆನ್ನು ಹಿಡಿದು ಕೇಳಿದರು, “ದನಿ ಬದಲಾಗಿ ಎಷ್ಟು ದಿನ ಆಯ್ತು?”

“ನಾಲ್ಕು ತಿಂಗಳಿರಬಹುದು ಸರ್,” ಎಂದಳು ಅನುಷಾ.

ಡಾಕ್ಟರು ಬರೆಯತೊಡಗಿದರು. ಸುಳ್ಳು ಲೆಕ್ಕವೊಂದು ಕಾಗದಕ್ಕೆ ಇಳಿಯುವುದನ್ನು ಷಡಕ್ಷರಿ ನೋಡಲಾರದೆ ಹೋದ.

“ಎರಡು ವರ್ಷ ಆರು ತಿಂಗಳು ಹನ್ನೆರಡು ದಿನ,” ಎಂದ.

ಡಾಕ್ಟರು ತಲೆಯೆತ್ತಿದರು. “ಅಷ್ಟು ಕರಾರುವಾಕ್ಕಾಗಿ ಹೇಗೆ ಹೇಳ್ತೀರಿ?”

ಅವನು ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ಹಾಲಮ್ಮನ ಪುಟ ತೆರೆದು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು, ಬೊಟ್ಟಿನ ಸಂಗತಿ, ಗುಂಡಿಯ ಸಂಗತಿ ಎಲ್ಲವನ್ನೂ ಮೋಟಾರಿನ ಸುತ್ತು ಎಣಿಸಿದಷ್ಟೇ ಒಣ ದನಿಯಲ್ಲಿ ಹೇಳಿದ. ಡಾಕ್ಟರು ಆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. “ಎರಡನೇ ಸಾಲಿನ ಹೊತ್ತಿಗೆ ಬಂದಿದ್ರೆ...” ಎಂದು ತೊಡಗಿ, ಅನುಷಾಳನ್ನು ನೋಡಿ, “ಈಗ ಅದೆಲ್ಲ ಮಾತಾಡಿ ಉಪಯೋಗವಿಲ್ಲ,” ಎಂದು ಮುಗಿಸಿದರು.

ಅನುಷಾ ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಫೆಬ್ರವರಿ ೧೨ರ ಸಾಲಿನ ಮೇಲೆ ಅವಳ ಕಣ್ಣು ನಿಂತಿತು. ‘ತರೀಕೆರೆ. ಮೂರು ಕೆಳಗೆ. ನಡುವೆ ಕರೆಂಟು ಹೋಗಿ ಸೊನ್ನೆ.’

“ಅವತ್ತು ಅಮ್ಮ ಕೇಳಿದ್ಲು ಮಾವ,” ಎಂದಳು. “ನಿಮ್ಮನ್ನೇ ಕೇಳಿದ್ಲು.”

ಅವನು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡ. ಹೊರಗೆ ಬಂದಾಗ ಹಾಲಮ್ಮ ಬೆಂಚಿನ ಮೇಲೆ, ಶಕುಂತಲಮ್ಮ ಈಗಾಗಲೇ ತನ್ನ ಚಾಪೆಯ ಮೇಲೆ ಕುಳಿತಿರಬೇಕೆಂದು ಪಕ್ಕದ ರೋಗಿಯ ಹೆಂಡತಿಗೆ ಗೊಗ್ಗರು ದನಿಯಲ್ಲಿ ಹೇಳಿ ನಗಿಸುತ್ತಿದ್ದಳು.

ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮುಂದಿನ ಚಾಪೆ ಶಕುಂತಲಮ್ಮನಿಗೆ ಹೋಯಿತು. ಅವಳ ದನಿ ನಿಜವಾಗಿಯೂ ಕಪ್ಪು ನಾಲ್ಕರದೇ. ಷಡಕ್ಷರಿ ಸೊನ್ನೆಯಲ್ಲಿ ನುಡಿಸಿದ. ಅಷ್ಟು ದಿನ ತಗ್ಗಿದ ನಾದಕ್ಕೆ ಒಗ್ಗಿಹೋಗಿದ್ದ ಅವನ ಕಿವಿಗೆ ಆ ನಿಜವಾದ ಶ್ರುತಿ ಕಿರುಚಿದಂತೆ ಕೇಳಿಸಿತು.

ತಾಯಿಗೆ ವಿಷಯ ಹೇಳುವ ಕೆಲಸವನ್ನು ಅನುಷಾ ಅವನಿಗೇ ಬಿಟ್ಟಿದ್ದಳು. “ನಾನ್ ಹೇಳಲ್ಲ. ನೀವ್ ಬಂದು ಹೇಳ್ಬೇಕು,” ಎಂದು ಫೋನಿನಲ್ಲಿ ಒಂದೇ ಸಲ ಅಂದಿದ್ದಳು. ಅವನು ಮೂರು ತಿಂಗಳು ಹೋಗಲಿಲ್ಲ. ಮೇ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ ಕೀಬೋರ್ಡನ್ನು ಬೆನ್ನಿಗೆ ಕಟ್ಟಿಕೊಂಡು ಹಾಲಮ್ಮನ ಮನೆಗೆ ಹೋದ.

ಅವಳು ಕೊರಳಿಗೆ ತೆಳು ಬಟ್ಟೆ ಇಳಿಬಿಟ್ಟುಕೊಂಡು ಜಗಲಿಯಲ್ಲಿ ಕುಳಿತಿದ್ದಳು. ಬಟ್ಟೆ ಉಸಿರಿಗೆ ತಕ್ಕಂತೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಮಡಿಲಲ್ಲಿ ಶಾಲೆಯವರು ಕೊಟ್ಟಿದ್ದ ಸ್ಲೇಟು. ಅವನು ಯಂತ್ರವನ್ನು ಅವಳ ಮುಂದೆ ಬಿಚ್ಚಿದ. ಬೊಟ್ಟಿನ ಮೇಲೆ ಬೆರಳಿಟ್ಟು ನಾದ ಹಿಡಿದ. ಗುಂಡಿ ಒತ್ತಿದ. ಮತ್ತೆ ಅದೇ ಬೊಟ್ಟು. ಮತ್ತೆ ಗುಂಡಿ. ನಾಲ್ಕು ಸಲ. ಬೆರಳು ಕದಲಲಿಲ್ಲ, ನಾದ ಒಂದೊಂದೇ ಮೆಟ್ಟಿಲು ಇಳಿಯಿತು.

ಹಾಲಮ್ಮ ಅವನ ಕೈಯನ್ನು ಪಕ್ಕಕ್ಕೆ ಸರಿಸಿದಳು. ಬೊಟ್ಟನ್ನು ತಾನೇ ಒತ್ತಿದಳು. ಕೊನೆಯ, ತಳದ ನಾದವನ್ನು ಹಿಡಿದು, ಬಾಯಿ ತೆರೆದು, ಅದರೊಂದಿಗೆ ಸೇರಲು ಹೋದವಳಂತೆ ಎದೆ ಎತ್ತಿದಳು. ಕೊರಳಿನ ಬಟ್ಟೆ ಒಮ್ಮೆ ಹಾರಿ ಬಿತ್ತು. ಬೇರೇನೂ ಕೇಳಿಸಲಿಲ್ಲ.

ಅವಳು ಬೆರಳೆತ್ತಿ ಅವನನ್ನೇ ನೋಡಿದಳು. ಅವನು ಏಟಿಗೆ ಸಿದ್ಧನಾಗಿದ್ದ. ಅವಳು ಸ್ಲೇಟನ್ನು ಎತ್ತಿ ಮುಖಕ್ಕೆ ಎಸೆದಿದ್ದರೆ ಅವನಿಗೆ ಉಪಕಾರವಾಗುತ್ತಿತ್ತು. ಅವಳು ಬಳಪ ತೆಗೆದುಕೊಂಡು ಸೊಟ್ಟ ಅಕ್ಷರಗಳಲ್ಲಿ ನಿಧಾನವಾಗಿ ಬರೆದಳು:

‘ಶಕುಂತಲಂಗೆ ಗೊತ್ತಾ’

“ಇಲ್ಲಕ್ಕ.”

ಅಂಗೈಯಿಂದ ಅಳಿಸಿ ಮತ್ತೆ ಬರೆದಳು:

‘ಗೊತ್ತಾಗಬಾರದು. ಯಾರಿಗೂ’

ಆಮೇಲೆ ಹೊರಡೆಂದು ಬೀದಿಯ ಕಡೆ ಕೈ ತೋರಿಸಿದಳು. ಒಳಬಾಗಿಲಲ್ಲಿ ಅನುಷಾ ನಿಂತು ಎಲ್ಲವನ್ನೂ ನೋಡಿದ್ದಳು. ಅವನು ಹೊರಡುವಾಗ ಅವಳು ಕೀಬೋರ್ಡನ್ನು ಎತ್ತಿ ಬೆನ್ನಿಗೆ ಕಟ್ಟಲು ನೆರವಾದಳು. ಎರಡು ಗಂಟು ಹಾಕಿದಳು.

ಅಕ್ಟೋಬರ್ ೯ರ ಬುಧವಾರ ಹಾಲಮ್ಮ ತೀರಿಕೊಂಡಳು. ಮಣ್ಣು ಮಧ್ಯಾಹ್ನ ಮೂರಕ್ಕೆಂದು ನಿಗದಿಯಾಯಿತು. ಬೆಳಿಗ್ಗೆ ಹತ್ತಕ್ಕೆಲ್ಲ ಸಂಘ ಅಂಗಳದಲ್ಲಿ ಸೇರಿತ್ತು. ಕೆಳಪೇಟೆ ಪೂರ್ತಿ ಬಂದಿತ್ತು. ಅವಳು ಯಾರ ಯಾರ ಮನೆಯ ಸಾವಿಗೆ ಹಾಡಿದ್ದಳೋ ಅವರೆಲ್ಲ ಬಂದಿದ್ದರು. ಅನುಷಾ ತಾಯಿಯ ತಲೆಯ ಬಳಿ ಕುಳಿತಿದ್ದಳು. ಕೊರಳನ್ನು ಹೂವಿನಿಂದ ಮುಚ್ಚಿದ್ದರು.

ಶಕುಂತಲಮ್ಮ ಮುಂದಿನ ಚಾಪೆಯ ಮೇಲೆ ಕುಳಿತು ತಾಳ ಹಿಡಿದಳು. ಹದಿನೈದು ದಿನಗಳಿಂದ ಅವಳ ದನಿ ಕಟ್ಟಿತ್ತು; ಎಲ್ಲರೂ ಮಳೆಗಾಲದ ಶೀತವೆಂದಿದ್ದರು. ಮೊದಲ ಹಾಡು ದಾಟಿತು. ಎರಡನೆಯದರ ಮೇಲಿನ ಷಡ್ಜದಲ್ಲಿ ಅವಳ ದನಿ ಗರಗರಿಸಿ ಮುರಿಯಿತು.

ಷಡಕ್ಷರಿಯ ಎಡಗೈ ಗುಂಡಿಯ ಬಳಿಯೇ ಇತ್ತು. ಎರಡೂವರೆ ವರ್ಷದಲ್ಲಿ ಅದಕ್ಕೆ ತಾನಾಗಿ ಅಲ್ಲಿಗೆ ಹೋಗುವ ಅಭ್ಯಾಸವಾಗಿಬಿಟ್ಟಿತ್ತು. ಅವನು ಆ ಕೈಯನ್ನು ಮಡಿಲಿಗೆ ತೆಗೆದುಕೊಂಡ. ಬಲಗೈಯನ್ನು ಕೆಂಪು ಬೊಟ್ಟಿನ ಮೇಲಿಂದ ಎತ್ತಿ, ಅದರ ಎಡಕ್ಕಿರುವ ಬಿಳಿಯ ಮನೆಯ ಮೇಲೆ, ಎಲ್ಲರೂ ನೋಡುತ್ತಿರುವಂತೆ ಇಟ್ಟ.

ಹಾಡು ನಿಂತಿತು. ಸಂಘದ ಇತಿಹಾಸದಲ್ಲಿ ಹಾಗೆ ಯಾರೂ ಮಾಡಿರಲಿಲ್ಲ.

“ಏನ್ ಮಾಡ್ತಾ ಇದೀರಿ?” ಎಂದಳು ಶಕುಂತಲಮ್ಮ.

“ದನಿ ಇಳಿದೈತೆ ಶಕುಂತಲಮ್ಮ. ಹದಿನೈದು ದಿನದಿಂದ ಇಳಿದೈತೆ. ಇವತ್ತು ಇಲ್ಲಿಂದ ಹಾಡಿ. ನಾಳೆ ಡಾಕ್ಟ್ರಿಗೆ ತೋರ್ಸಿ.”

“ಶೀತ ಆದ್ರೆ ಡಾಕ್ಟ್ರಿಗೆ ತೋರ್ಸಕೆ ನಿಮ್ಮಪ್ಪಣೆ ಬೇಕಾ? ಹೆಣದ್ ಮುಂದೆ ನನ್ ಮರ್ಯಾದೆ ತೆಗಿಯಕೆ ಬಂದ್ರಾ?” ಅವಳ ಕಣ್ಣಲ್ಲಿ ನೀರು ತುಂಬಿತ್ತು. “ಹಾಲಕ್ಕ ಉಸಿರು ಸಿಕ್ಕಂಡು ಬೀಳೋ ವಾರದವರ್ಗೂ ಕಪ್ಪು ನಾಲ್ಕು ಬಿಟ್ಟು ಇಳೀಲಿಲ್ಲ. ಅಷ್ಟು ದೊಡ್ಡ ಕಾಯ್ಲೆ ಇಟ್ಕಂಡು ಹಾಡಿದ್ಲು ಅವ್ಳು. ನನ್ನ ಶೀತಕ್ಕೇ ಇಳಿಸ್ತೀರಲ್ಲ! ಹೌದೋ ಅಲ್ವೋ ಹೇಳ್ರಿ, ಹಾಲಕ್ಕ ಇಳಿದಿದ್ಲಾ?”

ಅಂಗಳವೆಲ್ಲ ಅವನ ಕಡೆ ನೋಡಿತು. ಪುಟ್ಟಯ್ಯ ಸುತ್ತಿಗೆಯನ್ನು ಕೈಯಲ್ಲಿ ತಿರುಗಿಸುತ್ತಿದ್ದ. ಹೆಣದ ತಲೆಯ ಬಳಿಯಿಂದ ಅನುಷಾ ಕಣ್ಣು ಕೀಳದೆ ನೋಡುತ್ತಿದ್ದಳು. ಹೌದು ಎಂದರೆ ಸತ್ತವಳು ಸ್ಲೇಟಿನಲ್ಲಿ ಬರೆದು ಕೇಳಿದ ಮಾತು ಮುರಿಯುತ್ತಿತ್ತು. ಇಲ್ಲ ಎಂದರೆ ಬದುಕಿರುವವಳು ಅವಮಾನಕ್ಕೆ ತಾಳ ಕೆಳಗಿಡುತ್ತಿದ್ದಳು.

“ಇಲ್ಲ,” ಎಂದ ಷಡಕ್ಷರಿ. “ಹಾಲಕ್ಕ ಇಳೀಲಿಲ್ಲ.”

ಆದರೆ ಬೆರಳನ್ನು ಬಿಳಿಯ ಮನೆಯಿಂದ ಕದಲಿಸಲಿಲ್ಲ.

ಶಕುಂತಲಮ್ಮ ತಾಳವನ್ನು ಚಾಪೆಯ ಮೇಲೆ ಕುಕ್ಕಿ ಎದ್ದುಹೋದಳು. ಮುಂದಿನ ಚಾಪೆ ಖಾಲಿ ಉಳಿಯಿತು. ಹೆಣ ಎತ್ತುವವರೆಗೆ ಹಿಂದಿನ ಸಾಲಿನವರು ಒಬ್ಬೊಬ್ಬರೂ ತಮಗೆ ಬಂದ ಶ್ರುತಿಯಲ್ಲಿ ಎಳೆದರು, ಅವನು ಅವರ ಹಿಂದೆ ಮನೆಯಿಂದ ಮನೆಗೆ ಕೈಯಿಂದಲೇ ಸರಿಯುತ್ತ ನುಡಿಸಿದ. ಹಾಲಮ್ಮನಿಗೆ ಅಂಥ ಕೆಟ್ಟ ಹಾಡಿನ ಬೀಳ್ಕೊಡುಗೆ ಸಿಕ್ಕಿತೆಂದು ಕೆಳಪೇಟೆ ಇಂದಿಗೂ ಆಡಿಕೊಳ್ಳುತ್ತದೆ.

ಹನ್ನೊಂದನೆಯ ದಿನಕ್ಕೆ ಸಂಘ ಬೀರೂರಿನಿಂದ ಬೇರೊಬ್ಬ ಕೀಬೋರ್ಡಿನವನನ್ನು ಕರೆಸಿಕೊಂಡಿತು. ಪುಟ್ಟಯ್ಯ ಅಂಗಡಿಗೆ ಬಂದು, ಸುಟ್ಟ ಮೋಟಾರೊಂದರ ಮೇಲೆ ಕುಳಿತು ಬೀಡಿ ಸೇದಿದ. “ಹೊಸಬ ಆ ಗುಂಡಿ ಇಲ್ದೆ ಒಂದ್ ಹಾಡೂ ನುಡಿಸಲ್ಲ ಕಣೋ,” ಎಂದ. ಷಡಕ್ಷರಿ ನಗಲಿಲ್ಲ, ಅವನೂ ನಗಲಿಲ್ಲ.

ನವೆಂಬರಿನಲ್ಲಿ ಒಂದು ಮಧ್ಯಾಹ್ನ ಶಕುಂತಲಮ್ಮ ಅಂಗಡಿಯ ಮುಂದೆ ಬಂದು ನಿಂತಳು. ಒಳಗೆ ಬರಲಿಲ್ಲ. ಕೈಯಲ್ಲಿದ್ದ ಜೆರಾಕ್ಸ್ ಹಾಳೆಯೊಂದನ್ನು ಕೌಂಟರಿನ ಮೇಲೆ ಬಡಿದಿಟ್ಟಳು. ಶಿವಮೊಗ್ಗಕ್ಕೇ ಹೋಗಿ, ಮೂಗಿನಿಂದ ಗಂಟಲಿಗೆ ಕೊಳವೆ ಬಿಡಿಸಿಕೊಂಡು ಮಾಡಿಸಿದ ಪರೀಕ್ಷೆಯ ವರದಿ.

“ಓದ್ಕಳಿ ಚೆನ್ನಾಗಿ. ಏನೂ ಇಲ್ವಂತೆ. ಧೂಳಿಂದ, ಹೊಟ್ಟೆ ಉರಿಯಿಂದ ದನಿ ಕಟ್ಟಿತ್ತಂತೆ. ಮಾತ್ರೆ ನುಂಗ್ದೆ, ವಾರದಾಗೆ ದನಿ ಬಂತು.” ಅವಳ ದನಿ ನಿಜಕ್ಕೂ ತಿಳಿಯಾಗಿತ್ತು. “ನಿಮ್ ಕಿವಿ ಕೆಟ್ಟೈತೆ ಷಡಕ್ಷರಪ್ಪ. ಮೊದ್ಲು ಅದುನ್ನ ತೋರ್ಸ್ಕಳಿ.”

“ಆಯ್ತಮ್ಮ,” ಎಂದ ಅವನು.

ಅವಳು ರಸ್ತೆ ದಾಟಿ ಹೋಗುವವರೆಗೆ ನೋಡುತ್ತ ನಿಂತ. ಆಮೇಲೆ ವರದಿಯನ್ನು ಮೊದಲ ಅಕ್ಷರದಿಂದ ಕೊನೆಯ ಸಹಿಯವರೆಗೆ ಎರಡು ಸಲ ಓದಿದ. ಗೂಡಿನಿಂದ ನೀಲಿ ಪುಸ್ತಕ ತೆಗೆದು, ಅವಳ ಹೆಸರಿನ ಪುಟ ಹುಡುಕಿ, ದಿನಾಂಕ ಹಾಕಿ ಬರೆದ: ‘ಶಕುಂತಲಮ್ಮ. ಕಪ್ಪು ನಾಲ್ಕು. ಏನೂ ಇಲ್ಲ.’

ಹಾಳೆಯನ್ನು ನಾಲ್ಕಾಗಿ ಮಡಿಸಿ ಆ ಪುಟದಲ್ಲೇ ಇಟ್ಟ. ಪಕ್ಕದ ಪುಟ ಹಾಲಮ್ಮನದು. ಅದನ್ನು ಅವನು ತೆರೆಯಲಿಲ್ಲ. ಯಾರೋ ಸುಟ್ಟ ಮೋಟಾರೊಂದನ್ನು ತಂದು ಹೊಸ್ತಿಲಲ್ಲಿಟ್ಟು ಕೂಗಿದರು. ಅವನು ಕನ್ನಡಕ ಹಾಕಿಕೊಂಡು, ಹಳೆಯ ಸುತ್ತುಗಳನ್ನು ಎಣಿಸಲು ಕುಳಿತ.